ಬೇಗೂರಿನ ಉಪ್ಪಿಟ್ಟು, ಜಯನಗರದ ಪದಕ

ನನ್ನ ಬಳಿ ಒಂದು ಕಂಚಿನ ಪದಕವಿದೆ. ಅದು ಪೂರ್ತಿ ನನ್ನದೇ ಹೌದೋ ಅಲ್ಲವೋ ಎಂಬ ಗುಮಾನಿ ಮಾತ್ರ ಇಂದಿಗೂ ಹೋಗಿಲ್ಲ.

ಅರವತ್ತರ ದಶಕದ ಆರಂಭ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ನಮ್ಮ ಹೈಸ್ಕೂಲಿನಲ್ಲಿ ಹುಡುಗರಿಗೆಂದು ಪದಕದ ಯೋಜನೆಯೊಂದು ಶುರುವಾಯಿತು. ಸೇವೆ, ಕೈಕೆಲಸ, ಕಸರತ್ತು, ಕಾಲ್ನಡಿಗೆ ಎಂದು ನಾಲ್ಕು ಭಾಗ. ಒಂದೊಂದಕ್ಕೂ ಪುಸ್ತಕದಲ್ಲಿ ಹಿರಿಯರೊಬ್ಬರ ರುಜು ಬೀಳಬೇಕು. ನಮ್ಮ ಮನೆಯಲ್ಲಿ ಅದುವರೆಗೆ ಮದುವೆಗೆ ಬಂದ ಪಾತ್ರೆಗಳ ಮೇಲೆ ಬಿಟ್ಟರೆ ಇನ್ನೆಲ್ಲೂ ಯಾರ ಹೆಸರನ್ನೂ ಕೆತ್ತಿರಲಿಲ್ಲ. ಹಾಗಾಗಿ ಹೆಸರು ಕೆತ್ತಿ ಕೊಡುವ ಆ ಪದಕ ನನಗೆ ಬೇಕೇ ಬೇಕಿತ್ತು. ಗಿಡಗಳಿಗೆ ನೀರು ಹಾಕಿದೆ, ದಂಡ ಹೊಡೆದೆ, ಏನಿಟ್ಟರೂ ಕೆಳಗೆ ಬೀಳುವಂಥ ಒಂದು ಬುಟ್ಟಿಯನ್ನೂ ಹೆಣೆದೆ. ಉಳಿದದ್ದು ಕಾಲ್ನಡಿಗೆ: ಬೇಗೂರಿಗೆ ನಡೆದು ಹೋಗಿ, ಯಾರ ನೆರವೂ ಇಲ್ಲದೆ ಅಡುಗೆ ಮಾಡಿ, ಅದನ್ನೇ ಉಂಡು, ಊರಿನವರೊಬ್ಬರ ರುಜು ತರಬೇಕು.

ಬೇಗೂರಿನಲ್ಲಿ ಹಳೆಯ ಕಾಲದ ವೀರಗಲ್ಲುಗಳಿದ್ದವು. ಅಂದಿನವರು ಕಲ್ಲಿನಲ್ಲಿ ಉಳಿಯಬೇಕಾದರೆ ಕಾದಾಡಿ ಸಾಯಬೇಕಿತ್ತು. ನನಗೆ ರವೆ ಬೇಯಿಸಿದರೆ ಸಾಕಿತ್ತು. ಕಾಲ ಎಷ್ಟು ಸುಧಾರಿಸಿದೆ ಎಂದುಕೊಳ್ಳುತ್ತಾ ಕೆರೆಯ ಪಕ್ಕ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಉಪ್ಪಿಟ್ಟು ಇಳಿಸುವ ಹೊತ್ತಿಗೆ ಎದುರು ಮನೆಯ ಅಜ್ಜಿ ಬಂದು ನಿಂತರು.

"ಯಾಕ್ ಮಗಾ, ಮನೇಲಿ ಜಗಳ ಆಡ್ಕೊಂಡ್ ಬಂದ್ಯಾ?"

ನಾನು ಯೋಜನೆಯನ್ನು ವಿವರಿಸಿದೆ. ಅವರಿಗೆ ಒಂದಿಷ್ಟೂ ಹಿಡಿಸಲಿಲ್ಲ.

"ನಮ್ಮ ಬಾಗಿಲ ಮುಂದೆ ಮಗು ತಾನೇ ಬೇಯಿಸ್ಕೊಂಡ್ ತಿಂದ್ರೆ ಊರೋರು ನನ್ ಮೊಕಕ್ಕೆ ಉಗೀತಾರೆ. ನಮ್ಮನೇಲಿ ಉಣ್ಣದೇ ಹೋದ್ರೆ ನಿನ್ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಾಕಿಲ್ಲ, ನೋಡು."

ಉಂಡರೆ ನಿಯಮ ಮುರಿಯುತ್ತದೆ, ಬಿಟ್ಟರೆ ರುಜುವಿಲ್ಲ. ನನಗೆ ಅಳುವೇ ಬಂತು. ಅಜ್ಜಿ ನನ್ನ ಪಾತ್ರೆಯನ್ನು ತಮ್ಮತ್ತ ಎಳೆದುಕೊಂಡರು. "ನಿಂದು ನಾನು ತಿಂತೀನಿ, ನಂದು ನೀನು ತಿನ್ನು. ಆಯ್ತಾ?"

ನಾನು ಮುದ್ದೆ, ಅವರೆಕಾಳಿನ ಸಾರು ಉಂಡೆ. ಅವರು ಉಪ್ಪಿಟ್ಟು ತಿಂದರು. ಎರಡು ತುತ್ತಾದ ಮೇಲೆ ಒಮ್ಮೆ ನನ್ನ ಮುಖ ನೋಡಿ, "ಚೆನ್ನಾಗೈತೆ ಕಣ್ ಮಗಾ" ಎಂದು ಮತ್ತೆ ತಟ್ಟೆಗೆ ಬಗ್ಗಿದರು. ಆಮೇಲೆ ಹೆಬ್ಬೆಟ್ಟು ಒತ್ತಿದರು.

ಹಿಂದಿರುಗುವ ದಾರಿಯಲ್ಲಿ ಪಾತ್ರೆಯ ತಳಕ್ಕೆ ಅಂಟಿದ್ದನ್ನು ಕೆರೆದು ಬಾಯಿಗೆ ಹಾಕಿಕೊಂಡೆ. ಉಪ್ಪೇ ಇಲ್ಲ. ರವೆಯೂ ಅರ್ಧಂಬರ್ಧ ಬೆಂದಿತ್ತು.

ಮರುದಿನ ಡ್ರಿಲ್ ಮೇಷ್ಟ್ರಿಗೆ ಊಟ ಅದಲುಬದಲಾದದ್ದನ್ನು ಒಪ್ಪಿಕೊಂಡೆ. ಅವರು ಪುಸ್ತಕ ತೆರೆದು ಆ ಹೆಬ್ಬೆಟ್ಟನ್ನು ನೋಡಿದರು.

"ಅಜ್ಜಿ ಪೂರ್ತಿ ತಿಂದ್ರೇನೋ?"

"ತಿಂದ್ರು ಸಾರ್."

"ಹಾಗಾದ್ರೆ ಅಡುಗೆ ಪಾಸು" ಎಂದು ಸಹಿ ಮಾಡಿದರು. ಉಪ್ಪಿನ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಪದಕವನ್ನು ಈಗಲೂ ಆಗಾಗ ತೆಗೆದು ನೋಡುತ್ತೇನೆ. ನನ್ನ ಹೆಸರಿನ ಕೆಳಗೆ "ಸಾಹಸ ಮತ್ತು ಸಹನೆಗಾಗಿ" ಎಂದು ಕೆತ್ತಿದ್ದಾರೆ. ಬಿಸಿಲಿನಲ್ಲಿ ಅಷ್ಟು ದೂರ ನಡೆದವನು ನಾನೇ, ಸಾಹಸ ನನ್ನದೆಂದೇ ಇಟ್ಟುಕೊಳ್ಳೋಣ. ಸಹನೆ ಮಾತ್ರ ಬೇಗೂರಿನ ಆ ಅಜ್ಜಿಯದು.