ಹಾಲು ಕರೆಯಲು ಹೋದ ಅತ್ತೆ

ಅತ್ತೆ ಕೂಗಿದ್ದು ಕೇಳಿ ನಾನು ದನದ ಹಟ್ಟಿಗೆ ಓಡಿದರೆ, ಅವರು ಖಾಲಿ ಚೆಂಬಿನ ಪಕ್ಕ ನೆಲದ ಮೇಲೆ ಕುಳಿತಿದ್ದರು. ಹಸು ಅವರ ಹೆಗಲು ನೆಕ್ಕುತ್ತಿತ್ತು. “ಬಿದ್ದದ್ದಲ್ಲ, ಕೂತದ್ದು. ಏಳ್ಲಿಕ್ಕೆ ಆಗ್ತಾ ಇಲ್ಲ,” ಎಂದರು.

ಎಂಬತ್ತರ ಹತ್ತಿರದ ಅವರಿಗೆ ಮಂಗಳೂರಿನಲ್ಲಿ ಹೃದಯದ ಕವಾಟ ಬದಲಿಸಿ ಕೆಲವು ತಿಂಗಳಾಗಿತ್ತು. ಮತ್ತೆ ಹಾಲು ಕರೆಯಬಹುದೆಂಬ ಆಸೆಯಿಂದಲೇ ಅದಕ್ಕೆ ಒಪ್ಪಿದ್ದರು. ಕವಾಟ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಹಿಂದಿನ ವಾರವಷ್ಟೇ ಹೇಳಿದ್ದರು. ಏದುಸಿರು ನಿಜಕ್ಕೂ ಹೋಗಿತ್ತು. ಆದರೆ ಮೊದಲೇ ಸೊರಗಿದ್ದ ಕೈಕಾಲುಗಳಿಗೆ ಆಸ್ಪತ್ರೆಯಿಂದ ಬಂದ ಮೇಲೆ ಬಲ ಬರಲೇ ಇಲ್ಲ.

ನಾನೂ ನನ್ನ ಗಂಡನೂ ಹಿಡಿದು ಎಬ್ಬಿಸಿದೆವು. ಅತ್ತೆ ಹಸುವಿನ ಕುತ್ತಿಗೆ ಸವರುತ್ತಾ, “ಪುತ್ತಿಗೆಯಲ್ಲಿರುವ ನನ್ನ ತಂಗಿ ಇದನ್ನು ಕೇಳಿದ್ದಳಲ್ಲ, ಅವಳಿಗೆ ಕೊಟ್ಟುಬಿಡುವ. ಇನ್ನು ನನ್ನಿಂದ ಆಗುವುದಿಲ್ಲ,” ಎಂದರು. ಭಾನುವಾರ ಹಸುವನ್ನು ಟೆಂಪೋ ಹತ್ತಿಸುವಾಗ ಅವರು ಹೊರಗೆ ಬರಲಿಲ್ಲ.

ಈಗ ಮನೆಗೆ ಬಂದವರೆಲ್ಲ “ಹಾರ್ಟು ಹೇಗುಂಟು?” ಎಂದು ಕೇಳುತ್ತಾರೆ. “ಒಳ್ಳೆಯದುಂಟು,” ಎನ್ನುತ್ತಾರೆ ಅತ್ತೆ. ಆಪರೇಷನ್ನಿಗೆ ಮೊದಲು ನಾವೂ ಡಾಕ್ಟರಲ್ಲಿ ಹೃದಯವನ್ನಷ್ಟೇ ವಿಚಾರಿಸಿದ್ದೆವು. ಆಮೇಲೆ ಅತ್ತೆಯ ದಿನಗಳು ಹೇಗಿರುತ್ತವೆ ಎಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.