ಬಾತ್‌ಟಬ್ಬಿನ ಸುಳ್ಳುಮೀನು

ಕಳೆದ ವಾರ ಈ ಕೊಲ್ಲಿ ದೇಶದ ಬ್ನೇದ್ ಅಲ್ ಗಾರ್ ಬಡಾವಣೆಯ ನಮ್ಮ ಫ್ಲ್ಯಾಟಿನ ಹಳೆಯ ಬಾತ್‌ಟಬ್ಬನ್ನು ಕೀಳಿಸಿದೆವು. ನನ್ನ ಹೆಂಡತಿಗೆ ಮಂಡಿನೋವು, ಕಾಲೆತ್ತಿ ಅದರೊಳಗೆ ಇಳಿಯಲು ಆಗುತ್ತಿರಲಿಲ್ಲ. ಪ್ಲಂಬರ್ ಭಾಯಿ ಟಬ್ಬಿನ ಬದಿಯ ಹಲಗೆ ಬಿಚ್ಚಿ, ಒಳಗಿನ ಕತ್ತಲೆಗೆ ಕೈ ಹಾಕಿದವನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ. ಬೆರಳಿನ ತುದಿಯಲ್ಲಿ ರಕ್ತ.

“ಅರೆ ಭಾಯಿ, ಆಪ್ ಕೇ ಬಾತ್‌ರೂಮ್ ಮೇ ಮಛಲಿ ಹೈ! ಕಾಟ್ತೀ ಭೀ ಹೈ!” ಬಾತ್‌ರೂಮಿನಲ್ಲಿ ಮೀನಿದೆ, ಕಚ್ಚುತ್ತದೆ ಬೇರೆ ಎಂದು ನಕ್ಕ. ಇಕ್ಕಳದಲ್ಲಿ ಹಿಡಿದು ಹೊರಗೆಳೆದು ಅದನ್ನು ವಾಶ್‌ಬೇಸಿನ್ನಿಗೆ ಹಾಕಿದ.

ಬೆರಳುದ್ದದ ಪ್ಲಾಸ್ಟಿಕ್ ಮೀನು, ಗಾಳಕ್ಕೆ ಕಟ್ಟುವ ಸುಳ್ಳುಮೀನು. ಸೋಪಿನ ಜಿಡ್ಡು, ಸಿಮೆಂಟಿನ ಪುಡಿ ಎಲ್ಲ ಮೆತ್ತಿಕೊಂಡು ಬೂದಿಯ ತುಂಡಿನಂತೆ ಕಾಣುತ್ತಿತ್ತು. ಹೊಟ್ಟೆಯ ಕೆಳಗಿನ ಮೂರು ಮುಳ್ಳಿನ ಕೊಕ್ಕೆಗೆ ತುಕ್ಕು. ಬಾಯಿಯಿಂದ ಮುಂದಕ್ಕೆ ಚಾಚಿದ ಪಾರದರ್ಶಕ ತುಟಿ ಮಾತ್ರ ಮುರಿದಿರಲಿಲ್ಲ. ಬೇಸಿನ್ನಿನಲ್ಲಿ ಅದು ಉರುಳಿದಾಗ ಹೊಟ್ಟೆಯೊಳಗಿನ ಗುಂಡುಗಳು ಗಿಲಕಿಯಂತೆ ಸದ್ದು ಮಾಡಿದವು. ಆ ಸದ್ದನ್ನು ನಾನು ಹಿಂದೆ ಕೇಳಿದ್ದೆ.

ಮೊದಲೇ ಹೇಳಿಬಿಡುತ್ತೇನೆ. ಈ ನೆನಪನ್ನು ನಾನು ಹಲವರ ಮುಂದೆ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಇದರಲ್ಲಿ ನನ್ನ ತಪ್ಪು ಒಂದಿಷ್ಟು ಸಣ್ಣದಾಗಿದೆ. ಆದ್ದರಿಂದ ನನ್ನನ್ನು ಪೂರ್ತಿ ನಂಬಬೇಡಿ.

ಆ ಸುಳ್ಳುಮೀನಿನ ಒಡೆಯರು ಇಲ್ಲಿನ ಶುವೈಖ್‌ನ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಘಟಪ್ರಭೆಯ ದಂಡೆಯ ಊರಿನವರು. ನಾನು ಅವರನ್ನು ಕೊನೆಯವರೆಗೂ ‘ಪೇಂಟರ್ರೇ’ ಎಂದೇ ಕರೆದೆ, ಅವರು ನನ್ನನ್ನು ‘ಸಾಹೇಬ್ರ’ ಎಂದು. ನಾನೇನೂ ಸಾಹೇಬನಲ್ಲ. ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಕಾರುಗಳನ್ನು ಸುತ್ತು ಹಾಕಿ ನೋಡಿ, ಯಾವ ಗೀರು ಹಳೆಯದು, ಯಾವುದು ಹೊಸದು, ರಿಪೇರಿ ಸರಿಯಾಗಿದೆಯೋ ಇಲ್ಲವೋ ಎಂದು ಬರೆದುಕೊಡುವವನು. ನೋಡುವುದಕ್ಕೇ ನನಗೆ ಸಂಬಳ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಬಣ್ಣ ಹೊಂದಿಸುವುದರಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಕಂಪನಿ ಕೊಡುವ ಬಣ್ಣದ ನಂಬರನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. “ನಂಬರ್ ಹೇಳೋದು ಗಾಡಿ ಹುಟ್ಟಿದಾಗಿನ ಬಣ್ಣ ರೀ. ಇಲ್ಲಿ ಬಿಸಲಾಗ ಐದು ವರ್ಷ ನಿಂತ ಮ್ಯಾಲೆ ಅದು ಬ್ಯಾರೆ ಗಾಡಿ. ಈಗ ಹ್ಯಾಂಗೈತಿ ಅದಕ್ಕ ಹೊಂದಸ್ಬೇಕು” ಎನ್ನುತ್ತಿದ್ದರು. ಬಿಳಿಯ ಬಗ್ಗೆ ಅವರಿಗೆ ವಿಶೇಷ ಗೌರವ. “ಬಿಳಿ ಅಂದ್ರ ಒಂದು ಬಣ್ಣ ಅಲ್ರಿ, ನಲವತ್ತು ಅದಾವ. ಕೆಂಪು ಯಾರ್ ಬೇಕಾದ್ರೂ ಹೊಡೀತಾರ.” ಮೂಗಿಗೆ ಮಾಸ್ಕ್ ಹಾಕುತ್ತಿರಲಿಲ್ಲ. ಥಿನ್ನರಿನ ವಾಸನೆಯಲ್ಲೇ ಬಣ್ಣ ತೆಳುವಾಯಿತೋ ದಪ್ಪವಾಯಿತೋ ತಿಳಿಯುತ್ತದೆ ಎಂಬುದು ಅವರ ವಾದ.

ಶುಕ್ರವಾರ ಬೆಳಿಗ್ಗೆ ಅವರು ಜುಮಾ ಸೂಕ್‌ಗೆ, ಎಂದರೆ ಹಳೆಯ ಸಾಮಾನು ಮಾರುವ ಸಂತೆಗೆ, ಹೋಗುತ್ತಿದ್ದರು. ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟ ಅಮೆರಿಕದವರು ಬಿಟ್ಟುಹೋದ ಗಾಳದ ಪೆಟ್ಟಿಗೆಗಳು ಅಲ್ಲಿಗೆ ಬರುತ್ತಿದ್ದವು. ಅದರೊಳಗಿನ ಸುಳ್ಳುಮೀನು, ರಬ್ಬರ್ ಕಪ್ಪೆ, ತಿರುಗುವ ತಗಡು, ಎರೆಹುಳುವಿನಂಥ ಬಾಲಗಳು ಎಲ್ಲವೂ ‘ಬಾಸ್’ ಎಂಬ ಸಿಹಿನೀರಿನ ಮೀನು ಹಿಡಿಯಲು ಮಾಡಿದವು. ಡಬ್ಬಿಯ ಮೇಲೆ ಅಗಲ ಬಾಯಿಯ ಆ ಮೀನಿನ ಚಿತ್ರವಿರುತ್ತಿತ್ತು. ಹೊಳೆಯೇ ಇಲ್ಲದ ಈ ದೇಶದಲ್ಲಿ ಅವನ್ನು ಕೊಳ್ಳುವವರು ಯಾರು! ಇವರು ಕೊಳ್ಳುತ್ತಿದ್ದರು.

“ಈ ಬಾಸ್ ಅಂದ್ರ ಬ್ಯಾರೆ ಯಾರೂ ಅಲ್ರಿ, ನಮ್ಮ ಕೊರವ ಮೀನಿನ ಸ್ವಾದರಮಾವ. ಬಾಯಿ ನೋಡ್ರಿ, ಅದ ಬಾಯಿ. ಹಂಗ ಜೊಂಡಿನಾಗ ಕುಂತು, ಮ್ಯಾಲೆ ಹೋಗಾವ್ರನ್ನ ನೋಡ್ಕೋತ ಇರ್ತದ.”

“ಹೊಳೆ ಮೀನು ನಮಗೆ ಆಗುವುದಿಲ್ಲ ಮಾರಾಯ್ರೆ. ಕೆಸರಿನ ವಾಸನೆ” ಎಂದು ನಾನು ಛೇಡಿಸುತ್ತಿದ್ದೆ. ನಾನು ಕರಾವಳಿಯವನು.

“ನೀವು ಉಪ್ಪಿನ ಮಂದಿ. ನಿಮ್ಮ ಮೀನಕ್ಕ ದೇವ್ರ ಮೊದ್ಲ ಉಪ್ಪು ಹಾಕಿ ಕೊಟ್ಟಾನ. ನಿಮ್ಮ ನಾಲಿಗೀದು ಏನು ಹೆಚ್ಚುಗಾರಿಕಿ?”

ಆರಿಸುವುದಕ್ಕೆ ಅವರದೇ ಕ್ರಮವಿತ್ತು. ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ನೀರು ಕದಡಿದಾಗ ಮೀನಿಗೆ ಕಣ್ಣಿಗಿಂತ ಸದ್ದು ಮುಖ್ಯ, ಆದ್ದರಿಂದ ಹೊಟ್ಟೆಯಲ್ಲಿ ಗುಂಡಿರುವುದು ಬೇಕು. ತಿಳಿನೀರಿಗೆ ಸದ್ದಿಲ್ಲದ್ದು. ಜೊಂಡಿನ ನಡುವೆ ಎಸೆಯಲು ಕೊಕ್ಕೆ ಮೇಲ್ಮುಖವಾಗಿರುವ ಕಪ್ಪೆ, ಇಲ್ಲದಿದ್ದರೆ ಎಲ್ಲಕ್ಕೂ ಸಿಕ್ಕಿಕೊಳ್ಳುತ್ತದೆ. ಮುಂದಿನ ತುಟಿ ಉದ್ದವಿದ್ದಷ್ಟು ಆಳಕ್ಕೆ ಇಳಿಯುತ್ತದೆ. ಅವರ ಊರಿನ ಹೊಳೆಯ ಮಡುವಿಗೆ ಗಿಡ್ಡ ತುಟಿಯೇ ಸಾಕು. ಆ ಮಡುವನ್ನು ನಾನು ಈವರೆಗೆ ನೋಡಿಲ್ಲ. ಆದರೆ ಎಲ್ಲಿ ಕಲ್ಲಿದೆ, ಎಲ್ಲಿ ಜೊಂಡಿದೆ ಎಂದು ಈಗಲೂ ಹೇಳಬಲ್ಲೆ.

ರಜೆ ಸಿಗುತ್ತಿದ್ದುದು ಹೊಳೆ ಕೆಂಪಾಗಿ ತುಂಬಿ ಹರಿಯುವ ತಿಂಗಳಲ್ಲೇ. ಹಾಗಾಗಿ ಅವರ ಪೆಟ್ಟಿಗೆ ತುಂಬುತ್ತಿತ್ತೇ ಹೊರತು ನೀರು ಕಾಣುತ್ತಿರಲಿಲ್ಲ. ಸಮುದ್ರ ಕಾಲ್ನಡಿಗೆಯ ದೂರದಲ್ಲಿದ್ದರೂ ಅದರಲ್ಲಿ ಎಸೆಯಲು ಒಪ್ಪುತ್ತಿರಲಿಲ್ಲ. ಸಿಹಿನೀರಿನ ಕೊಕ್ಕೆ ಉಪ್ಪು ತಿಂದರೆ ಕೆಡುತ್ತದೆ. ಆರು ಜನ ಇರುವ ಅವರ ಕೋಣೆಯಲ್ಲಿ ಒಂದು ಬಕೆಟ್ ಮಾತ್ರ ಇತ್ತು. ನಮ್ಮ ಮನೆಯಲ್ಲಿ ಬಾತ್‌ಟಬ್ ಇದೆ ಎಂದು ನಾನು ಯಾವಾಗಲೋ ಬಾಯಿಬಿಟ್ಟೆ... ಅಲ್ಲಿಂದ ಶುರು.

ಶುಕ್ರವಾರ ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿದರೆ ನನ್ನ ಮಗಳು ಕೋಣೆಯಿಂದಲೇ ಕೂಗುತ್ತಿದ್ದಳು, “ಡ್ಯಾಡ್, ಫಿಶ್ ಅಂಕಲ್ ಈಸ್ ಹಿಯರ್!” ಅವರು ಪ್ಯಾಂಟು ಮಡಚಿ, ಟಬ್ಬು ತುಂಬಿಸಿ, ದಾರ ಕಟ್ಟಿದ ಸುಳ್ಳುಮೀನನ್ನು ಆ ತುದಿಯಿಂದ ಈ ತುದಿಗೆ ಎಳೆಯುತ್ತಿದ್ದರು. ಅದು ಎಡಕ್ಕೆ ವಾಲಿದರೆ ಮೂಗಿನ ಬಳಿಯ ತಂತಿಯನ್ನು ನನ್ನ ಇಕ್ಕಳದಲ್ಲಿ ಕೂದಲೆಳೆಯಷ್ಟು ಬಲಕ್ಕೆ ಬಾಗಿಸುವುದು, ಮತ್ತೆ ಎಳೆಯುವುದು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ನನ್ನ ಹೆಂಡತಿ ಒಮ್ಮೆ ಬಾಗಿಲಲ್ಲಿ ನಿಂತು, “ಇವರಿಬ್ಬರಿಗೂ ಆಡಲು ಒಂದೊಂದು ರಬ್ಬರ್ ಬಾತುಕೋಳಿ ತಂದುಕೊಡಬೇಕು” ಎಂದಳು. ಪೇಂಟರ್ ನಾಚಿಕೊಂಡು ಎದ್ದು ನಿಂತರು. ಮಂಡಿಯಿಂದ ನೀರು ಇಳಿಯುತ್ತಿತ್ತು.

ಅಮೆರಿಕದ ಬಣ್ಣ ಅವರಿಗೆ ಹಿಡಿಸುತ್ತಿರಲಿಲ್ಲ. ತಮ್ಮ ಹೊಳೆಯಲ್ಲಿಲ್ಲದ ಮೀನಿನ ವೇಷ ಅದು, ಕೊರವ ನಂಬುವುದಿಲ್ಲ. ಹಳೆಯ ಬಣ್ಣ ಉಜ್ಜಿ ತೆಗೆದು, ಗ್ಯಾರೇಜಿನಲ್ಲಿ ಉಳಿದ ಹನಿಗಳಿಂದ ಊರ ಮೀನುಮರಿಯ ಬಣ್ಣ ಬರೆಯುತ್ತಿದ್ದರು. ಬೆಳ್ಳಿಯ ಹೊಟ್ಟೆ, ಎಳೆ ಜೋಳದ ಎಲೆಯ ಹಸಿರು ಪಕ್ಕೆ. ಮೇಲೆ ಕಾರಿಗೆ ಹೊಡೆಯುವ ಗಾಜಿನಂಥ ಲೇಪ. “ಹತ್ತು ವರ್ಷ ಕತ್ತಲ್ಯಾಗ ಇಟ್ರೂ ಹಿಂಗ ಇರ್ತದ ರೀ.” ಮುಗಿದ ಮೇಲೆ ನನ್ನ ಮುಂದೆ ಹಿಡಿಯುವರು. “ಎರಡೂ ಬಾಜು ಒಂದ ಆತಿಲ್ರಿ?”

“ಒಂದೇ ಉಂಟು” ಎನ್ನುತ್ತಿದ್ದೆ. ಫೋನು ನೋಡುತ್ತಿದ್ದೆನೋ, ಚಹಾ ಕುಡಿಯುತ್ತಿದ್ದೆನೋ. ಮೀನಿನ ಒಂದು ಬದಿ ಕಂಡಾಗ ಇನ್ನೊಂದು ಕಾಣುವುದಿಲ್ಲ, ತಿರುಗಿಸಬೇಕು.

ಅಂಥ ಒಂದು ಮೀನು ಒಂದು ಚಳಿಗಾಲದಲ್ಲಿ ದಾರ ಕಡಿದುಕೊಂಡು ಹಾರಿ, ಟಬ್ಬು ಮತ್ತು ಗೋಡೆಯ ನಡುವಿನ ಸಂದಿಗೆ ಬಿತ್ತು. ಕೈ ಹೋಗಲಿಲ್ಲ, ತಂತಿ ಹಾಕಿ ಕೆದಕಿದರೂ ಸಿಗಲಿಲ್ಲ. “ಹೋಗ್ಲಿ ಬಿಡ್ರಿ, ನಿಮ್ಮ ಕೊರವ ನುಂಗಿತು” ಎಂದು ಅವರು ನಕ್ಕರು.

ಅದೇ ವರ್ಷದ ಬೇಸಿಗೆ. ಒಂದು ಶುಕ್ರವಾರ ಅವರು ಪೆಟ್ಟಿಗೆಯ ಜೊತೆ ಎರಡು ಸಣ್ಣ ತಗಡಿನ ಪಟ್ಟಿ ತಂದರು. ಎರಡೂ ಬಿಳಿ. ಗ್ಯಾರೇಜಿನ ಕಫೀಲ್, ಎಂದರೆ ಅವರಿಗೆ ವೀಸಾ ಕೊಟ್ಟ ಮಾಲೀಕ, ಅವನ ಅಣ್ಣನ ದೊಡ್ಡ ಬಿಳಿ ಗಾಡಿಯ ಒಂದು ಬಾಗಿಲಿಗೆ ಬಣ್ಣ ಹೊಡೆಯಬೇಕಿತ್ತು. ಒಂದು ಪಟ್ಟಿಯ ಬಣ್ಣ ಗಾಡಿಯದು, ಇನ್ನೊಂದು ಅವರು ಬೆರೆಸಿದ್ದು.

“ಸಾಹೇಬ್ರ, ಇವೆರಡೂ ಒಂದ ಏನ್ ಬ್ಯಾರೆ ಬ್ಯಾರೆ? ಟ್ಯೂಬ್‌ಲೈಟಿನಾಗ ಬ್ಯಾಡ, ಅದು ಸುಳ್ಳು ಹೇಳ್ತದ. ಬಾಲ್ಕನಿಗೆ ಹೋಗಿ ಬಿಸಲಾಗ ನೋಡ್ರಿ.”

ಅವರು ಟಬ್ಬಿನ ಅಂಚಿನ ಮೇಲೆ ಕುಳಿತೇ ಇದ್ದರು. ನಾನು ಹಾಲಿಗೆ ಬಂದೆ. ಬಾಲ್ಕನಿಯ ಬಾಗಿಲು ಸರಿಸಿದೆ. ಒಲೆಯ ಬಾಯಿ ತೆರೆದಂತೆ ಧಗೆ ನುಗ್ಗಿತು, ಧೂಳಿನ ಬಿರುಗಾಳಿ ಎದ್ದಿತ್ತು... ಇಲ್ಲ. ಧೂಳನ್ನು ಆಮೇಲೆ ನಾನೇ ಸೇರಿಸಿದ್ದು ಎಂದು ಈಚೆಗೆ ಅನ್ನಿಸುತ್ತಿದೆ. ಧೂಳೆದ್ದ ದಿನ ‘ಬಿಸಿಲಲ್ಲಿ ನೋಡಿ’ ಎಂದು ಅವರು ಹೇಳುತ್ತಿದ್ದರೇ? ಬರಿಯ ಧಗೆ ಇತ್ತು. ಟಿವಿಯಲ್ಲಿ ಕ್ರಿಕೆಟ್ ಕೂಡ ಇತ್ತು. ನಾನು ಹೊಸ್ತಿಲು ದಾಟಲಿಲ್ಲ. ಬಾಗಿಲು ಮುಚ್ಚಿ, ಎಸಿಯ ತಂಪಿನಲ್ಲಿ ಒಂದು ಓವರ್ ನೋಡಿ, ಒಳಗೆ ಹೋಗಿ ಹೇಳಿದೆ: “ಒಂದೇ ಉಂಟು ಮಾರಾಯ್ರೆ. ಹೊಡೆಯಿರಿ ಧೈರ್ಯವಾಗಿ.”

ಅವರ ಮುಖ ಅಷ್ಟು ಸಡಿಲವಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಇದನ್ನಂತೂ ನಾನು ಸೇರಿಸಿಲ್ಲ.

ಭಾನುವಾರ ಆ ಗಾಡಿ ಗ್ಯಾರೇಜಿನ ನೆರಳಿನಿಂದ ಹೊರಗೆ ಬಿಸಿಲಿಗೆ ಬಂದಾಗ, ಬಿಳಿ ಗಾಡಿಗೆ ನೀಲಿ ಛಾಯೆಯ ಬಾಗಿಲು ತಗುಲಿಸಿದಂತಿತ್ತಂತೆ. ಹುಡುಗರೆಲ್ಲ ಕಂಡರು, ಅವರಿಗೊಬ್ಬರಿಗೆ ಕಾಣಲಿಲ್ಲ. ಅನುಮಾನ ಬಂದ ಫೋರ್‌ಮನ್ ನೀಲಿ ಮತ್ತು ಹಸಿರು ಡಬ್ಬಿಗಳ ಮುಚ್ಚಳ ತೆಗೆದು ಅವರ ಮುಂದಿಟ್ಟ. ಯಾವುದು ಯಾವುದು ಎಂದು ಕೇಳಿದ. ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಗುರುತು ಸಿಗದೆ ಕೈ ಒರೆಸಿಕೊಂಡರಂತೆ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ಥಿನ್ನರ್ ಎಂದರು, ಮೊದಲೇ ಬಂದಿದ್ದರೆ ಇಷ್ಟಕ್ಕೇ ತಡೆಯಬಹುದಿತ್ತು ಎಂದರು. ಕಫೀಲ್ ಎರಡೇ ಮಾತು ಆಡಿದ. “ಖಲಾಸ್. ಯಲ್ಲಾ.” ಮುಗಿಯಿತು, ಹೊರಡು ಎಂದು. ಇಕಾಮಾ, ಎಂದರೆ ಇಲ್ಲಿ ಇರುವ ಪರವಾನಗಿ, ರದ್ದಾಯಿತು.

ಹೊರಡುವ ಹಿಂದಿನ ದಿನ ಇಕ್ಕಳ ಹಿಂದಿರುಗಿಸಲು ಮನೆಗೆ ಬಂದರು. ನಾನು ಏನೇನೋ ಹೇಳಲು ನೋಡಿದೆ.

“ಗ್ಯಾರೇಜಿನಾಗ ಯಾರನ್ನರ ಕೇಳಿದ್ರ ಪೇಂಟರ್ ಕಣ್ಣು ಹೋದ್ವು ಅಂತ ಸುದ್ದಿ ಆಗ್ತಿತ್ತು. ನಿಮ್ಮ ಕಡೆ ಅದಕ್ಕ ತಂದೆ ರೀ” ಎಂದರು. ಆಮೇಲೆ ಚಪ್ಪಲಿ ಮೆಟ್ಟುತ್ತ, ನೆಲ ನೋಡಿಕೊಂಡು ಹೇಳಿದರು: “ಬಾಲ್ಕನಿ ಬಾಗ್ಲಾ ತಗದ ಸಪ್ಪಳ ಕೇಳ್ತು. ಹಾಕಿದ ಸಪ್ಪಳಾನೂ ಕೇಳ್ತು, ಲಗೂನ. ಆದ್ರೂ ನೀವು ಒಂದ ಅಂದ್ರಿ ನೋಡ್ರಿ... ಆಗ ಜೀವಕ್ಕ ಎಷ್ಟು ಹಗರ ಆತು.”

ಅವರು ನಿಜವಾಗಿ ಇದನ್ನು ಹೇಳಿದರೇ? ನನಗೆ ಶಿಕ್ಷೆ ಬೇಕಾಗಿ ನಾನೇ ಕಟ್ಟಿಕೊಂಡ ಮಾತೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅದರಲ್ಲೇ ಅಡಗಿರುವ ಕ್ಷಮೆ ನನಗೆ ತೀರ ಅನುಕೂಲವಾಗಿದೆ, ಅದೇ ಅನುಮಾನ. ಆದರೆ ‘ಲಗೂನ’ ಎಂಬುದು ನನ್ನ ಬಾಯಿಯ ಮಾತಲ್ಲ, ನಾನು ಕಟ್ಟಿದ್ದರೆ ‘ಬೇಗ’ ಎಂದಿರುತ್ತಿತ್ತು.

ಊರಿನಿಂದ ಮೊದಮೊದಲು ಅವರ ದನಿಯ ಸಂದೇಶಗಳು ಬರುತ್ತಿದ್ದವು. ಒಂದರಲ್ಲಿ ಹಿನ್ನೆಲೆಯಲ್ಲಿ ನೀರಿನ ಸದ್ದು. “ಬಿತ್ತು ಸಾಹೇಬ್ರ! ಕಪ್ಪಿಗೆ ಬಿತ್ತು, ಎರಡು ಕಿಲೋ ಕೊರವ! ಕಪ್ಪಿ ಯಾವ ಬಣ್ಣದ್ದು ಅಂತ ಮಾತ್ರ ಕೇಳಬ್ಯಾಡ್ರಿ.” ಜೋರಾಗಿ ನಗು. ಆಮೇಲೆ ಸಂದೇಶಗಳು ವಿರಳವಾದವು. ಕಣ್ಣು ಪೂರ್ತಿ ಮಂಜಾಗಿ, ಮೊಮ್ಮಗಳ ಕೈ ಹಿಡಿದು ದಂಡೆಗೆ ಹೋಗುತ್ತಾರೆಂದು ಕೇಳಿದೆ. ಹೋದ ವರ್ಷ ಅದೇ ನಂಬರಿನಿಂದ ಅವರ ಮಗಳು ಬರೆದಳು: ‘ಅಪ್ಪ ಹೋದರು. ನಿಮ್ಮ ಹೆಸರು ಹೇಳುತ್ತಿದ್ದರು.’ ನಾನು ಕೈ ಮುಗಿದ ಚಿಹ್ನೆ ಕಳಿಸಿದೆ.

ಒಂದು ಸಮಾಧಾನ ಇಷ್ಟು ವರ್ಷ ನನ್ನ ಬಳಿ ಇತ್ತು. ಆ ಶುಕ್ರವಾರ ನಾನು ಬಿಸಿಲಿಗೆ ಹೋಗಿ ನೋಡಿದ್ದರೂ ಏನಾಗುತ್ತಿತ್ತು? ಒಂದು ಬಾಗಿಲು ಉಳಿಯುತ್ತಿತ್ತು. ಮುಂದಿನ ಗಾಡಿಯಲ್ಲಿ ಸಿಕ್ಕಿಬೀಳುತ್ತಿದ್ದರು. ಆಗಲೇ ತಡವಾಗಿತ್ತು. ನಾನು ಹೇಳಿದ್ದು ಒಂದೇ ಒಂದು ಸುಳ್ಳು...

ಪ್ಲಂಬರ್ ಭಾಯಿ ಬೆರಳಿಗೆ ಪಟ್ಟಿ ಸುತ್ತಿಕೊಂಡು ಟಬ್ಬು ಒಡೆಯಲು ಶುರು ಮಾಡಿದ. ನಾನು ಹಳೆಯ ಹಲ್ಲುಜ್ಜುವ ಬ್ರಶ್ ತೆಗೆದುಕೊಂಡು ಸುಳ್ಳುಮೀನನ್ನು ತೊಳೆದೆ. ಜಿಡ್ಡು ನಿಧಾನವಾಗಿ ಬಿಟ್ಟಿತು. ಗಾಜಿನಂಥ ಲೇಪ ಅವರು ಹೇಳಿದ ಹಾಗೆಯೇ ಇತ್ತು, ಕೆಳಗಿನ ಬಣ್ಣ ನಿನ್ನೆ ಹೊಡೆದಂತೆ. ಟ್ಯೂಬ್‌ಲೈಟಿನಲ್ಲಿ ನೋಡಲಿಲ್ಲ. ಹಾಲಿಗೆ ಬಂದು, ಬಾಗಿಲು ಸರಿಸಿ, ಬಾಲ್ಕನಿಗೆ ಹೋದೆ. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯಿತು.

ಎಡ ಪಕ್ಕೆ ಎಳೆ ಜೋಳದ ಎಲೆಯ ಹಸಿರು. ತಿರುಗಿಸಿದೆ. ಬಲ ಪಕ್ಕೆ ನೀಲಿ. ಸ್ವಲ್ಪ ನೀಲಿಯಲ್ಲ, ಶಾಲಾ ಹುಡುಗರ ಯೂನಿಫಾರ್ಮಿನಂಥ ನೀಲಿ. ಯಾವ ಹೊಳೆಯಲ್ಲೂ ಇಲ್ಲದ ಮೀನು. ತಗಡಿನ ಪಟ್ಟಿಗಳಿಗಿಂತ ಆರು ತಿಂಗಳು ಮೊದಲೇ ಅವರು ಇದನ್ನು ನನ್ನ ಮುಖದ ಮುಂದೆ ಹಿಡಿದು ಕೇಳಿದ್ದರು. ಆಗ ಇನ್ನೂ ತಡವಾಗಿರಲಿಲ್ಲ.

“ಒಂದೇ ಅಲ್ಲ ಮಾರಾಯ್ರೆ” ಎಂದೆ. “ಎರಡೂ ಬೇರೆ ಬೇರೆ ಉಂಟು. ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗುವ.”

ಒಳಗೆ ಸುತ್ತಿಗೆಯ ಪೆಟ್ಟಿಗೆ ಟಬ್ಬು ಬಿರುಕು ಬಿಟ್ಟ ಸದ್ದು. ಧಗೆ ಮನೆಯೊಳಗೆ ನುಗ್ಗುತ್ತಿದೆ, ಬಾಗಿಲು ಹಾಕಿ ಎಂದು ಹೆಂಡತಿ ಕೂಗಿದಳು. ನಾನು ಹಾಕಲಿಲ್ಲ.