ಕುಂಕುಮ ಇಟ್ಟ ಬೇಸ್‌ಬಾಲ್ ಕಾರ್ಡು

ಮೊನ್ನೆ ಮಗಳು ಇಲ್ಲಿನ ಫುಟ್‌ಬಾಲ್ ಆಟಗಾರರ ಚಿತ್ರವಿರುವ ಫುಟಿ ಕಾರ್ಡುಗಳ ಹೊಸ ಪ್ಯಾಕೆಟ್ ಹರಿದಳು. ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿರುವ ನಮ್ಮ ಅಡುಗೆಮನೆಯ ತುಂಬ ಶಾಯಿಯ, ರಟ್ಟಿನ ವಾಸನೆ. ಸೌಟು ಹಿಡಿದ ಕೈ ಹಾಗೇ ನಿಂತಿತು. ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ಕಣ್ಮುಂದೆ ಬಂದುಬಿಟ್ಟರು...

ಮೈಸೂರಿನವರು, ಮಗನ ಜೊತೆ ಇದ್ದರು. ಬಾಯಿ ಜೋರು, ಮನಸ್ಸು ಬೆಣ್ಣೆ. ಒಂದು ಭಾನುವಾರ ಇಬ್ಬರೂ ಹಳೆಸಾಮಾನಿನ ಸಂತೆಗೆ ಹೋಗಿದ್ದೆವು. ಹೂಕುಂಡ ಹುಡುಕುತ್ತಿದ್ದ ಆಂಟಿ ಒಂದು ಮೇಜಿನ ಮುಂದೆ ಗಕ್ಕನೆ ನಿಂತರು. ಕೈಯಲ್ಲಿ ಹಳೆಯ ಬೇಸ್‌ಬಾಲ್ ಕಾರ್ಡು. ಟೋಪಿ ಹಾಕಿಕೊಂಡು ಒಂದೇ ಕೆನ್ನೆಯಲ್ಲಿ ನಗುವ ಯಾರೋ ಅಮೆರಿಕದ ಆಟಗಾರ. ಮಾರುವವನೇ ಅವನ ಹೆಸರು ಕೇಳಿರಲಿಲ್ಲ.

“ನಮ್ಮಪ್ಪ ಕಣೇ,” ಎಂದರು ಆಂಟಿ. “ಥೇಟ್ ನಮ್ಮಪ್ಪ!”

ಮೈಸೂರಿನಲ್ಲಿ ಟಾಂಗಾ ಓಡಿಸುತ್ತಿದ್ದ ಅವರ ಅಪ್ಪ, ಆಂಟಿ ಪುಟ್ಟ ಹುಡುಗಿಯಾಗಿದ್ದಾಗಲೇ ಜ್ವರ ಬಂದು ತೀರಿಕೊಂಡಿದ್ದರು. ಒಂದು ಫೋಟೋ ಕೂಡ ಇರಲಿಲ್ಲ. ಪಿತೃಪಕ್ಷದಲ್ಲಿ ಎಲ್ಲರೂ ಹಿರಿಯರ ಫೋಟೋ ಮುಂದೆ ಎಡೆ ಇಟ್ಟರೆ, ಇವರು ಬರೀ ಗೋಡೆಯ ಮುಂದೆ ಇಡುತ್ತಿದ್ದರು. ಆ ವರ್ಷ ಅಲ್ಲಿ ಕಾರ್ಡು ಬಂತು. ಅದಕ್ಕೆ ಗಂಧ, ಕುಂಕುಮ, ಒಂದೆಳೆ ಮಲ್ಲಿಗೆ. ವಡೆ ಬಡಿಸುತ್ತಲೇ ಬೈಗುಳ ಶುರು: “ತಿನ್ನಿ, ತಿನ್ನಿ. ನಮ್ಮನ್ನ ನಡುನೀರಲ್ಲಿ ಕೈಬಿಟ್ಟು ಹಾಯಾಗಿ ಹೋದ್ರಲ್ಲ!” ನಾನು ನಗು ತಡೆದುಕೊಂಡು ನಿಂತಿರುತ್ತಿದ್ದೆ. ಆದರೆ ಸಿಟ್ಟು ನಿಜವಾದದ್ದೇ. ಅಪ್ಪ ಹೋದ ಮೇಲೆ ಅಮ್ಮ ಕಂಡವರ ಮನೆ ಪಾತ್ರೆ ತೊಳೆದು ತಮ್ಮನ್ನು ಸಾಕಿದ್ದನ್ನು ಅವರು ಮರೆತಿರಲಿಲ್ಲ.

ವರ್ಷ ವರ್ಷವೂ ಹಳೆಯ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದು ಇಡುತ್ತಿದ್ದರು. ಒರೆಸೀ ಒರೆಸೀ ಮುಖವೇ ಅಳಿಸಿಹೋಯಿತು. ಟೋಪಿ, ಅದರ ಕೆಳಗೊಂದು ಕೆಂಪು ಕಲೆ, ಅಷ್ಟೇ.

“ಅಯ್ಯೋ, ನನ್ನ ಕೈಯಾರೆ ಒರೆಸಿಬಿಟ್ನಲ್ಲೇ! ಇನ್ನು ಅಪ್ಪ ಹೇಗಿದ್ರು ಅಂತ್ಲೂ ಮರೆತು ಹೋಗತ್ತೆ,” ಎಂದು ಅತ್ತರು. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು.

ಕಾರ್ಡಿನ ಹಿಂದೆ ಆಟಗಾರನ ಹೆಸರು ಇನ್ನೂ ಉಳಿದಿತ್ತು. ಇನ್ನೊಂದು ಹುಡುಕಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಹೆಸರಾಂತ ಆಟಗಾರರ ಕಾರ್ಡುಗಳು ಬೇಕಾದಷ್ಟಿದ್ದವು. ಈ ಪುಣ್ಯಾತ್ಮನನ್ನು ಮಾತ್ರ ಕೇಳುವವರೇ ಇರಲಿಲ್ಲ. ಹುಡುಕುತ್ತಲೇ ಕಾಲ ಹೋಯಿತು... ಕೊನೆಗೆ ಕೆಲಸದ ಮೇಲೆ ಅಡಿಲೇಡ್‌ಗೆ ಹೋದಾಗ, ಮಾಸನ್ ಲೇಕ್ಸ್‌ನಲ್ಲಿ ಹಳೆ ಕಾರ್ಡು ಕೂಡಿಡುವ ಒಬ್ಬ ಮುದುಕ, ಯಾರಿಗೂ ಬೇಡವಾದವರ ಡಬ್ಬಿಯಿಂದ ಅವನನ್ನು ಹುಡುಕಿ ತೆಗೆದ. ಕುಣಿಯುವುದೊಂದು ಬಾಕಿ ನನಗೆ. ಈ ಸಲ ಗಾಜಿನ ಫ್ರೇಮು ಹಾಕಿಸಿಯೇ ಆಂಟಿಯ ಕೈಗೆ ಕೊಟ್ಟೆ.

ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಬೈಗುಳಕ್ಕೆ ಕಾದೆ. ಅವರು ಗಾಜಿನ ಮೇಲೆ ಬೆರಳಾಡಿಸಿದರು.

“ಎಷ್ಟು ಚಿಕ್ಕವ್ರು ಕಣೇ... ಮೀಸೆ ಕೂಡ ಸರಿಯಾಗಿ ಬಂದಿಲ್ಲ. ನಮ್ಮ ಮೊಮ್ಮಗನ ವಯಸ್ಸು. ಪಾಪ, ಇವನಿಗೇನು ಸಾಯೋ ಆಸೆ ಇತ್ತಾ?”

ಆ ವರ್ಷ ಬೈಗುಳ ಇರಲಿಲ್ಲ. “ತಿನ್ನು ಕಂದಾ, ನಿಧಾನವಾಗಿ ತಿನ್ನು,” ಎನ್ನುತ್ತ ಎಲೆಗೆ ವಡೆ ಬಡಿಸಿದರು. ನಾನು ಸೆರಗಲ್ಲಿ ಕಣ್ಣೊರೆಸಿಕೊಂಡೆ.

ಆಮೇಲೆ ನಾವು ಪರ್ತ್‌ಗೆ ಬಂದೆವು. ಆಂಟಿ ಈಗಿಲ್ಲ. “ನಿಮ್ಮ ಹತ್ರಾನೇ ಇರ್ಲಿ ಅಕ್ಕಾ,” ಎಂದು ಅವರ ಮಗ ಆ ಫ್ರೇಮನ್ನು ನನಗೇ ಕೊಟ್ಟ. ನಿನ್ನೆ ಮಹಾಲಯ ಅಮಾವಾಸ್ಯೆ. ಅದನ್ನೂ ಆಂಟಿಯ ಫೋಟೋವನ್ನೂ ಅಕ್ಕಪಕ್ಕ ಇಟ್ಟು ಎಡೆ ಇಟ್ಟೆ. ತಲೆ ಪೂರ್ತಿ ನೆರೆತ ಆಂಟಿ, ಪಕ್ಕದಲ್ಲಿ ಟೋಪಿಯ ಹುಡುಗ.

“ಹೂ ಈಸ್ ಹೀ, ಅಮ್ಮಾ? ಅಜ್ಜೀಸ್ ಗ್ರ್ಯಾಂಡ್‌ಸನ್?” ಎಂದಳು ಮಗಳು.

“ಅಲ್ಲ ಪುಟ್ಟಾ, ಅವ್ರಪ್ಪ,” ಎಂದೆ. ಅವನನ್ನು ಹಾಗೆ ಕರೆಯುವವಳು ಇನ್ನು ನಾನೊಬ್ಬಳೇ.